ಮೇಡಂ, ನಾ ಖಾಲಿ ಇದ್ದೇನ್ರಿ

ಗ್ರಂಥಾಲಯಕ್ಕೆ ಊಟ ಆಯಿತೇ ಎಂದು ಯಾರೂ ಕೇಳುವುದಿಲ್ಲ. ಪುಸ್ತಕ ಇದೆಯೇ ಎಂದು ಕೇಳುತ್ತಾರೆ, ದಂಡ ಎಷ್ಟಾಯಿತು ಎಂದು ಕೇಳುತ್ತಾರೆ, ಪಾಸ್‌ವರ್ಡ್ ಮರೆತುಹೋಯಿತು ಎಂದು ಗೋಳಾಡುತ್ತಾರೆ. ಹಾಗಿರುವಾಗ ಬೀದರಿನ ಒಂದು ಸ್ನಾತಕೋತ್ತರ ಕೇಂದ್ರದ ಗ್ರಂಥಾಲಯದ ಮೊಬೈಲಿಗೆ ಒಂದು ಮಧ್ಯಾಹ್ನ ಹೀಗೊಂದು ಮೆಸೇಜು ಬಂತು: 'ಪಾಠ ಸಿಕ್ತ್ರಿ ಮೇಡಂ. ಊಟ ಆಯ್ತೇನ್ರಿ?'

ಮೊಬೈಲು ಹಿಡಿದುಕೊಂಡಿದ್ದ ಕುಮುದಿನಿಬಾಯಿ ಅದನ್ನು ಇನ್ನೊಮ್ಮೆ ಓದಿದರು. ಊಟದ ಡಬ್ಬಿ ಇನ್ನೂ ಮೇಜಿನ ಕೆಳಗೇ ಇತ್ತು. ಅದರೊಳಗೆ ಎರಡು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿಪುಡಿ, ಅಲ್ಲಿಯವರ ಬಾಯಲ್ಲಿ ಹಿಂಡಿ. ಆದರೂ ಅವರು 'ಆಯ್ತವ್ವ, ರೊಟ್ಟಿ, ಎಣ್ಣಿಗಾಯಿ, ಮಸರು' ಎಂದು ಉತ್ತರ ಬರೆದರು. ಐವತ್ತು ದಾಟಿದ ಹೆಂಗಸು ಹೀಗೆ ಇಲ್ಲದ ಎಣ್ಣೆಗಾಯಿ ಉಣ್ಣುವ ಅಗತ್ಯವೇನೂ ಇರಲಿಲ್ಲ. ಆದರೆ ಕೇಳುವವರೊಬ್ಬರು ಸಿಕ್ಕಾಗ ಬರೀ ಹಿಂಡಿ ಎಂದು ಹೇಳಲು ಅವರಿಗೆ ನಾಚಿಕೆಯಾಯಿತು. ಆಮೇಲೆ ಡಬ್ಬಿ ಬಿಚ್ಚಿ ಉಂಡರು. ಆ ದಿನ ಹಿಂಡಿಗೂ ಬೇರೆಯೇ ರುಚಿ ಇತ್ತು.

ಕುಮುದಿನಿಬಾಯಿ ಭಾಲ್ಕಿಯವರು. ಮನೆಯಲ್ಲಿ ಮರಾಠಿ, ಸಾಲೆಯಲ್ಲಿ ಕನ್ನಡ, ಬಜಾರದಲ್ಲಿ ದಖನಿ ಉರ್ದು. ಆ ಸೀಮೆಯಲ್ಲಿ ಇದೇನು ದೊಡ್ಡ ಮಾತಲ್ಲ, ಅಲ್ಲಿ ಕೋಳಿಗಳೂ ಮೂರು ಭಾಷೆಯಲ್ಲಿ ಬೈಸಿಕೊಳ್ಳುತ್ತವೆ. ಆದರೆ ವರ ಹುಡುಕುವ ಕಾಲಕ್ಕೆ ಅದೇ ಮಾತು ದೊಡ್ಡದಾಗಿ ಕೂತಿತು. ಬೀದರಿನ ಕಡೆಯ ಬೀಗರು ಬಂದರೆ 'ಹುಡುಗಿ ಮನ್ಯಾಗ ಮರಾಠಿ ಮಾತಾಡ್ತಾಳ' ಎಂದು ಮೂಗು ಮುರಿದರು. ಗಡಿಯಾಚೆಯ ಉದಗೀರದ ಕಡೆಯವರು ಬಂದರೆ 'ಕನ್ನಡಾ ಕಲ್ತ ಹುಡುಗಿ, ನಮ್ಮ ಕಡಿಗಿ ನೌಕರಿ ಸಿಗಂಗಿಲ್ಲ' ಎಂದು ಎದ್ದು ಹೋದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು, ಬಂಡಿ ಅಲ್ಲೇ ನಿಂತಿತು. ಅಪ್ಪ ಪಾಂಡುರಂಗರಾಯರು ತೀರಿಕೊಂಡ ಮೇಲೆ ಮದುವೆಯ ಮಾತೆತ್ತುವವರೂ ಉಳಿಯಲಿಲ್ಲ. ಅಷ್ಟರಲ್ಲಿ ಗ್ರಂಥಾಲಯದಲ್ಲಿ ಸಹಾಯಕಿಯ ಕೆಲಸ ಸಿಕ್ಕಿತ್ತು. ಭಾಲ್ಕಿಯಿಂದ ಬೀದರಿಗೆ ಬೆಳಿಗ್ಗೆ ರೈಲು, ಬೀದರಿನಿಂದ ಭಾಲ್ಕಿಗೆ ಸಂಜೆ ರೈಲು. ನಡುವೆ ಹಲಬರ್ಗಾ ಸ್ಟೇಷನ್ನಿನಲ್ಲಿ ಕಿಟಕಿಯ ಹೊರಗೆ ಒಂದು ಬೇವಿನ ಮರ ಕಾಣುತ್ತದೆ. ಕೂದಲು ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೆ ಕುಮುದಿನಿಬಾಯಿ ಆ ಮರವನ್ನು ನೋಡುತ್ತ ಬಂದಿದ್ದಾರೆ.

ಮೊದಲು ಆ ಕೆಲಸದಲ್ಲಿ ಜನ ಇದ್ದರು. ಪುಸ್ತಕ ಕೊಡುವ ಕಟ್ಟೆಯ ಮುಂದೆ ಹುಡುಗ ಹುಡುಗಿಯರು ಮುಗಿಬೀಳುತ್ತಿದ್ದರು. ಒಬ್ಬಳು ಪೆನ್ನು ಕೇಳುವಳು, ಒಬ್ಬ ದಂಡ ಮಾಫಿ ಮಾಡ್ರಿ ಎಂದು ಕೈ ಮುಗಿಯುವನು, ಇನ್ನೊಬ್ಬ ತನ್ನ ಪ್ರೇಮಪತ್ರವನ್ನು ಅರ್ಥಶಾಸ್ತ್ರದ ಪುಸ್ತಕದಲ್ಲಿ ಮರೆತು ಓಡಿ ಬರುವನು. ಕುಮುದಿನಿಬಾಯಿ ಎಲ್ಲರಿಗೂ ಬೈಯುತ್ತಿದ್ದರು. ಬೈಯುವುದಕ್ಕೆ ಜನ ಇರುವುದೂ ಒಂದು ಭಾಗ್ಯವೆಂದು ಆಗ ಅವರಿಗೆ ಗೊತ್ತಿರಲಿಲ್ಲ.

ಲಾಕ್‌ಡೌನ್ ಬಂತು, ಗ್ರಂಥಾಲಯದ ಸಾಹೇಬರು ಒಂದು ಮೊಬೈಲು ಕೊಡಿಸಿದರು. ಪುಸ್ತಕ ಬೇಕಾದವರು ಆ ನಂಬರಿಗೆ ಬರೆಯಬೇಕು. ಕುಮುದಿನಿಬಾಯಿ ಹುಡುಕಿ, ಕೆಳಗಿನ ವರಾಂಡದ ಕಪಾಟಿನಲ್ಲಿ ಹೆಸರು ಬರೆದು ಇಡಬೇಕು. ಓದಿ ಮುಗಿದರೆ ಅಲ್ಲೇ ಇರುವ ಪೆಟ್ಟಿಗೆಯಲ್ಲಿ ಹಾಕಿ ಹೋಗಬೇಕು. ಬೇನೆಯ ಕಾಲಕ್ಕೆಂದು ಮಾಡಿದ ಏರ್ಪಾಡು, ಬೇನೆ ಹೋದರೂ ಅದು ಹೋಗಲಿಲ್ಲ. ಹುಡುಗರಿಗೆ ಅದೇ ಸುಖವೆನಿಸಿತು. ರಿನ್ಯೂ ಮಾಡುವುದು ಮೊಬೈಲಿನಲ್ಲೇ, ಇ-ಪುಸ್ತಕದ ಲಿಂಕು ಮೊಬೈಲಿನಲ್ಲೇ, ಹಳೆಯ ಪ್ರಶ್ನೆಪತ್ರಿಕೆಯೂ ಮೊಬೈಲಿನಲ್ಲೇ. ಮೇಲಿನ ಮಹಡಿಗೆ ಹತ್ತುವವರು ಕಡಿಮೆಯಾದರು. ಹತ್ತಿದವರೂ ಫ್ಯಾನಿನ ಕೆಳಗೆ ಕೂತು ಮೊಬೈಲನ್ನೇ ನೋಡುತ್ತಿದ್ದರು. ಒಮ್ಮೆ ಕಿಟಕಿಯ ಪಕ್ಕ ಕೂತಿದ್ದ ಹುಡುಗನೇ 'ಲೈಬ್ರರಿ ಇವತ್ತ ಓಪನ್ ಅದ ಏನ್ರಿ?' ಎಂದು ಮೆಸೇಜು ಕಳಿಸಿದ. ಕುಮುದಿನಿಬಾಯಿ ತಲೆಯೆತ್ತಿ ಅವನನ್ನು ನೋಡಿದರು. ಅವನು ಉತ್ತರಕ್ಕಾಗಿ ಮೊಬೈಲನ್ನು ನೋಡುತ್ತಿದ್ದ. 'ಓಪನ್ ಅದ' ಎಂದು ಬರೆದರು. ಅವನು ಹೆಬ್ಬೆರಳಿನ ಚಿತ್ರ ಕಳಿಸಿದ.

ಇನ್ನು ಕೆಲವರು ಬರೀ 'ಹಾಯ್' ಎಂದು ಬರೆದು ಸುಮ್ಮನಾಗುತ್ತಾರೆ. ಇತ್ತ ಕಡೆಯಿಂದ 'ಹೇಳ್ರಿ' ಎಂದರೆ ಮರುದಿನ ಮತ್ತೆ 'ಹಾಯ್'. ಇವರೆಲ್ಲ ಮುಂದೆ ಹೆಣ್ಣು ನೋಡಲು ಹೋದಾಗ ಏನು ಮಾತಾಡುತ್ತಾರೋ ದೇವರೇ ಬಲ್ಲ. ಕುಮುದಿನಿಬಾಯಿಗೆ ನಗು ಬರುತ್ತಿತ್ತು, ಆದರೆ ಆ ನಗುವನ್ನು ಹಂಚಿಕೊಳ್ಳಲು ಮಗ್ಗುಲಲ್ಲಿ ಯಾರೂ ಇರುತ್ತಿರಲಿಲ್ಲ. ಭಾಲ್ಕಿಯ ಎರಡು ಕೋಣೆಯ ಮನೆಯಲ್ಲೂ ಇರುತ್ತಿರಲಿಲ್ಲ. ಬೀಗ ತೆಗೆದು ಒಳಗೆ ಹೋದರೆ ಬೆಳಿಗ್ಗೆ ಕುಡಿದಿಟ್ಟ ಚಹಾದ ಬಟ್ಟಲು ಇಟ್ಟಲ್ಲೇ ಇರುತ್ತಿತ್ತು. ಅದನ್ನು ಕಂಡಾಗ ಕೆಲವು ದಿನ ಅವರಿಗೆ ಅಳು ಬರುತ್ತಿತ್ತು. ಕೆಲವು ದಿನ ಬರುತ್ತಿರಲಿಲ್ಲ, ಅದು ಇನ್ನೂ ಕಷ್ಟ.

ಇಂಥದರ ನಡುವೆ ಊಟ ಆಯಿತೇ ಎಂದು ಕೇಳಿದವಳು ಆಮ್ರಪಾಲಿ. ಔರಾದಿನ ಹುಡುಗಿ. ಮನೆಯಲ್ಲಿದ್ದುಕೊಂಡೇ ಕನ್ನಡ ಎಂ.ಎ. ಓದುತ್ತಿದ್ದಳು. ಹಗಲು ತಾಯಿ ಅಂಗನವಾಡಿಯ ಅಡುಗೆ ಕೆಲಸಕ್ಕೆ ಹೋಗುವಳು, ಇವಳು ಓಣಿಯ ಮಕ್ಕಳಿಗೆ ಪಾಠ ಹೇಳುವಳು. ಅಣ್ಣ ಸಂಘಪಾಲ ಬೀದರಿನ ಒಂದು ಟೈರ್ ಅಂಗಡಿಯಲ್ಲಿ ಕೆಲಸಕ್ಕೆ ಬರುತ್ತಿದ್ದ. ಪುಸ್ತಕ ಒಯ್ಯುವುದು, ತಂದು ಪೆಟ್ಟಿಗೆಗೆ ಹಾಕುವುದು ಅವನ ಪಾಲಿನ ಕೆಲಸ. ಹೊರಗೆ ಕೊಡಲು ಬಾರದ ದೊಡ್ಡ ಪುಸ್ತಕಗಳಿಂದ ಬೇಕಾದ ಪುಟಗಳ ಫೋಟೊ ತೆಗೆದು ಕುಮುದಿನಿಬಾಯಿ ಕಳಿಸುತ್ತಿದ್ದರು. ಪುಸ್ತಕವನ್ನು ಒಂದು ಕೈಯಲ್ಲಿ ಅಗಲಿಸಿ ಹಿಡಿದು ಇನ್ನೊಂದು ಕೈಯಲ್ಲಿ ತೆಗೆಯಬೇಕಾದ್ದರಿಂದ ಫೋಟೊದ ಮೂಲೆಯಲ್ಲಿ ಅವರ ಹೆಬ್ಬೆರಳು ಬಂದೇ ಬರುತ್ತಿತ್ತು.

'ಮೇಡಂ, ನಿಮ್ಮ ಹೆಬ್ಬಟ್ಟಿಗಿ ಏನಾಗೇದ್ರಿ? ಸುಟ್ಕೊಂಡೀರೇನು?' ಎಂದು ಆಮ್ರಪಾಲಿ ಒಮ್ಮೆ ಬರೆದಳು.

ಹಿಂದಿನ ಸಂಜೆ ರೊಟ್ಟಿ ಸುಡುವ ಹಂಚು ತಗುಲಿ ಬೊಬ್ಬೆ ಎದ್ದದ್ದು ನಿಜ. ಗ್ರಂಥಾಲಯದಲ್ಲಿ ಹತ್ತಿರವೇ ಕೂತು ಕೆಲಸ ಮಾಡುವವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಔರಾದಿನಲ್ಲಿ ಕೂತವಳಿಗೆ ಕಂಡಿತು. 'ಹಂಚ ತಾಕ್ತವ್ವ' ಎಂದು ಬರೆದಾಗ 'ಲೋಳಸರ ಹಚ್ಚರಿ, ತಂಪಾಗ್ತದ' ಎಂಬ ಉತ್ತರ ಬಂತು. ಕುಮುದಿನಿಬಾಯಿ ಸಂಜೆ ಮನೆಗೆ ಹೋಗುವಾಗ ಪಕ್ಕದ ಮನೆಯ ಕುಂಡದಿಂದ ಒಂದು ತುಂಡು ಲೋಳೆಸರ ಕೇಳಿ ತಂದರು.

ಮಾತಿಗೆ ಮಾತು ಬೆಳೆಯಿತು. ಮೊಬೈಲಿನಲ್ಲಿ ಆಮ್ರಪಾಲಿಯ ಚಿತ್ರವೆಂದರೆ ಒಂದು ಅರಳಿ ಎಲೆ, ಇವರ ಚಿತ್ರವೆಂದರೆ ಗ್ರಂಥಾಲಯದ ಕಟ್ಟಡ. ಮುಖ ಕಂಡವರಿಲ್ಲ, ದನಿ ಕೇಳಿದವರಿಲ್ಲ. ಅದು ಬರೆಯುವುದಕ್ಕೆಂದೇ ಕೊಟ್ಟ ನಂಬರು, ಅದರಲ್ಲಿ ಕರೆ ಮಾಡಬಾರದೆಂದು ಸಾಹೇಬರ ಕಟ್ಟಪ್ಪಣೆ. ಉಳಿದ ಹುಡುಗರು ಇಂಗ್ಲಿಷ್ ಅಕ್ಷರದಲ್ಲಿ ಅಡ್ಡಾದಿಡ್ಡಿ ಬರೆದರೆ ಆಮ್ರಪಾಲಿ ಕನ್ನಡ ಅಕ್ಷರದಲ್ಲಿ, ಒತ್ತು ದೀರ್ಘ ತಪ್ಪದೆ ಬರೆಯುತ್ತಿದ್ದಳು. 'ನಮ್ಮನ್ಯಾಗ ಮರಾಠಿರಿ ಮೇಡಂ. ಕನ್ನಡಾ ನಾನೇ ಗಳಿಸಿದ್ದು' ಎಂದು ಒಮ್ಮೆ ಹೇಳಿಕೊಂಡಿದ್ದಳು. ಕುಮುದಿನಿಬಾಯಿಗೆ ಆ ಮಾತು ಬಹಳ ಹಿಡಿಸಿತು. ನಮ್ಮನೆಯೂ ಹಾಗೆಯೇ ಎಂದು ಹೇಳಬೇಕೆಂದುಕೊಂಡರು. ಆದರೆ ಗ್ರಂಥಾಲಯ ತನ್ನ ಮನೆಯ ಸುದ್ದಿ ಹೇಳಬಹುದೋ ಬಾರದೋ ಎಂದು ಅನುಮಾನಿಸಿ ಬಿಟ್ಟರು. ತಮ್ಮ ಹೆಸರನ್ನೂ ಹೇಳಲಿಲ್ಲ. ಅವಳಿಗೆ ಇವರು ಬರೀ ಮೇಡಂ.

ಒಂದೇ ಒಂದು ಆಸೆ ಅವರಿಗೆ ಹುಟ್ಟಿತು. ಈ ಹುಡುಗಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು. ಬೇರೇನೂ ಇಲ್ಲ, ಎದುರಿಗೆ ಕೂಡಿಸಿಕೊಂಡು ಒಂದು ಬಟ್ಟಲು ಚಹಾ ಕುಡಿಯಬೇಕು. ಆಮ್ರಪಾಲಿಯೂ 'ಪರೀಕ್ಷಾಕ್ಕ ಬಂದಾಗ ನಿಮ್ಮನ್ನ ನೋಡೇ ಹೋಗ್ತೇನ್ರಿ' ಎಂದು ಬರೆದಿದ್ದಳು. ಪರೀಕ್ಷೆ ಬಂತು. ಅವಳಿಗೆ ಸಿಕ್ಕ ಕೇಂದ್ರ ಭಾಲ್ಕಿ. ಅವಳು ಔರಾದಿನಿಂದ ಭಾಲ್ಕಿಗೆ ಬಂದಳು, ಇವರು ಭಾಲ್ಕಿಯಿಂದ ಬೀದರಿಗೆ ಹೋದರು. ಪರೀಕ್ಷೆಯ ಕಾಲ, ರಜೆ ಸಿಗಲಿಲ್ಲ. ಇವರು ಸಂಜೆ ರೈಲಿನಿಂದ ಇಳಿಯುವಷ್ಟರಲ್ಲಿ ಅವಳು ಬಸ್ಸು ಹಿಡಿದಾಗಿತ್ತು. ತಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಅವಳು ನಡೆದು ಹೋಗಿರಬೇಕು ಎಂದು ಯೋಚಿಸುತ್ತ ಕುಮುದಿನಿಬಾಯಿ ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದರು.

ಪರೀಕ್ಷೆ ಮುಗಿದ ಮೇಲೆ ಮೆಸೇಜುಗಳು ಕಡಿಮೆಯಾದವು. ಬಂದವೂ ಸಪ್ಪಗಿದ್ದವು. 'ಮನ್ಯಾಗ ನನ್ನ ಮಾತು ನಡದಾವ್ರಿ' ಎಂದು ಒಂದು. 'ಇನ್ನ ಮುಂದ ಓದೂದು ಆಗ್ತದೋ ಇಲ್ಲೋ ಗೊತ್ತಿಲ್ಲರಿ' ಎಂದು ಇನ್ನೊಂದು. ಊಟದ ಮಾತು ಬರುವುದು ನಿಂತೇ ಹೋಯಿತು. ಕುಮುದಿನಿಬಾಯಿ ತಾವಾಗಿ 'ಊಟ ಆಯ್ತೇನವ್ವ' ಎಂದು ಬರೆದರೆ 'ಹೂನ್ರಿ' ಎಂದಷ್ಟೇ ಬರುತ್ತಿತ್ತು.

ಆ ಗುರುವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ನರಪಿಳ್ಳೆ ಇರಲಿಲ್ಲ. ಕುಮುದಿನಿಬಾಯಿ ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದರು. ಮೊಬೈಲು ಟಿಣ್ ಎಂದಿತು. ಕೈ ಒರೆಸಿಕೊಂಡು ನೋಡಿದರೆ ಆಮ್ರಪಾಲಿ. 'ಮೇಡಂ, ನಾ ಖಾಲಿ ಇದ್ದೇನ್ರಿ. ನೀವು ಬರ್ತೀರೇನ್ರಿ?'

ಬಿಡುವಾಗಿದ್ದೇನೆ ಎನ್ನುತ್ತಿದ್ದಾಳೆಂದು ಮೊದಲು ಅನಿಸಿತು. ಆದರೆ ಕೆಲವು ದಿನಗಳಿಂದ ಬರುತ್ತಿದ್ದ ಸಪ್ಪೆ ಮಾತುಗಳ ಜೊತೆಗೆ ಇಟ್ಟು ನೋಡಿದಾಗ ಬೇರೆ ಕಂಡಿತು. ಹುಡುಗಿಗೆ ಒಳಗೊಳಗೇ ಖಾಲಿ ಖಾಲಿ ಎನಿಸುತ್ತಿದೆ. ಹೇಳಿಕೊಳ್ಳಲು ಯಾರೂ ಇಲ್ಲ. ಮನೆಗೆ ಬನ್ನಿ ಎಂದು ನನ್ನನ್ನು ಕರೆಯುತ್ತಿದ್ದಾಳೆ. ಎಷ್ಟೋ ವರ್ಷವಾಗಿತ್ತು ಅವರನ್ನು ಯಾರಾದರೂ ಮನೆಗೆ ಕರೆದು. ಮದುವೆಗೆ, ತೊಟ್ಟಿಲಿಗೆ ಎಂದು ಕಾರ್ಡು ಬರುತ್ತವೆ, ಅದು ಬೇರೆ. ನೀವು ಬರ್ತೀರೇನ್ರಿ ಎಂದು ಬಾಯಿ ಬಿಟ್ಟು ಕೇಳುವುದು ಬೇರೆ. ಅವರ ಕಣ್ಣು ತುಂಬಿದವು. 'ಬರ್ತೇನವ್ವ, ಖಂಡಿತ ಬರ್ತೇನಿ' ಎಂದು ಬರೆದರು. ಯಾವಾಗ ಎಂದು ಬರೆಯಲಿಲ್ಲ. ರವಿವಾರ ಒಮ್ಮೆಲೇ ಹೋಗಿ ಬಾಗಿಲಲ್ಲಿ ನಿಂತರೆ ಹುಡುಗಿ ಬೆರಗಾಗುತ್ತಾಳೆಂದು ಅವರ ಲೆಕ್ಕಾಚಾರ.

ಹಿಗ್ಗಿನಲ್ಲಿ ಕೂತಲ್ಲಿ ಕೂಡಲಾಗದೆ ಎದ್ದು ಕಿಟಕಿಯ ಬಳಿಗೆ ಹೋದರು. ಕೆಳಗೆ ಅಂಗಳದಲ್ಲಿ ಚೆಂಡುಹೂವಿನ ಮಾಲೆ ಕಟ್ಟಿದ ಒಂದು ಜೀಪು ನಿಂತಿತ್ತು. ಯಾರದೋ ಮದುವೆಯ ಗಾಡಿ. ಅದನ್ನು ನೋಡಿ ಅವರಿಗೆ ಸಂತೋಷವೇ ಆಯಿತು. ಮನಸ್ಸು ಸಂತೋಷದಲ್ಲಿದ್ದಾಗ ಯಾರ ಮದುವೆಯಾದರೇನು. ಮತ್ತೆ ಬಂದು ಅಂಟಿನ ಡಬ್ಬಿಯ ಮುಂದೆ ಕೂತರು.

ಮರುದಿನ ಕೆಳಗಿನ ಪೆಟ್ಟಿಗೆಯಲ್ಲಿ ಆಮ್ರಪಾಲಿಯ ಪುಸ್ತಕಗಳು ಇದ್ದವು. ಸಂಘಪಾಲ ಹಾಕಿ ಹೋಗಿರಬೇಕು ಎಂದುಕೊಂಡರು. ಶನಿವಾರ 'ಮನ್ಯಾಗ ಎಷ್ಟ ಮಂದಿ ಇರ್ತೀರವ್ವ' ಎಂದು ಒಂದು ಮೆಸೇಜು ಕಳಿಸಿದರು, ಹೋಳಿಗೆ ಎಷ್ಟು ಮಾಡಬೇಕೆಂದು ತಿಳಿಯಲು. ಅದು ತಲುಪದೆ ಒಂದೇ ಗೀಟಿನಲ್ಲಿ ನಿಂತಿತು. ರಿಚಾರ್ಜು ಮುಗಿದಾಗ ಹಾಗಾಗುತ್ತಿದ್ದದ್ದು ಉಂಟು. ಅವರು ಚಿಂತೆ ಮಾಡಲಿಲ್ಲ. ಸಂಜೆ ಶೇಂಗಾ ಹುರಿದು, ಬೆಲ್ಲ ಕುಟ್ಟಿ, ಹೋಳಿಗೆ ಮಾಡಿದರು. ತನಗೊಬ್ಬಳಿಗಾಗಿ ಯಾರು ಹೋಳಿಗೆ ಮಾಡಿಕೊಳ್ಳುತ್ತಾರೆ? ಹಿಂದೆ ಯಾವಾಗ ಮಾಡಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದರು, ನೆನಪಾಗಲಿಲ್ಲ. ಹಸಿರು ಇಳಕಲ್ ಸೀರೆ ತೆಗೆದು ಮಡಿಕೆ ಒತ್ತಿ ಇಟ್ಟರು.

ರವಿವಾರ ಬೆಳಿಗ್ಗೆ ರೈಲಿನಲ್ಲಿ ಕಮಲನಗರಕ್ಕೆ ಹೋಗಿ, ಅಲ್ಲಿಂದ ಔರಾದಿನ ಬಸ್ಸು ಹತ್ತಿದರು. ಪಕ್ಕದಲ್ಲಿ ಕೂತ ಮುದುಕಿ ಮರಾಠಿಯಲ್ಲಿ 'ಯಾರ ಮನಿಗಿ ಹೊಂಟೀಯವ್ವ' ಎಂದು ಕೇಳಿದಳು. 'ನಮ್ಮ ಹುಡುಗಿ ಮನಿಗಿ' ಎಂದು ಮರಾಠಿಯಲ್ಲೇ ಹೇಳಿಬಿಟ್ಟರು. ಹೇಳಿದ ಮೇಲೆ ತಿದ್ದಲು ಮನಸ್ಸಾಗಲಿಲ್ಲ.

ವಿಳಾಸ ಸದಸ್ಯರ ದಾಖಲೆಯಲ್ಲಿ ಇತ್ತು, ಬುದ್ಧ ವಿಹಾರದ ಹಿಂದಿನ ಓಣಿ. ಕೇಳಿಕೊಂಡು ಹೋದಾಗ ಅಂಗಳದಲ್ಲಿ ಒಬ್ಬ ಹೆಂಗಸು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಆಮ್ರಪಾಲಿಯ ತಾಯಿ ಪುತಳಾಬಾಯಿ. ಅಪರಿಚಿತರನ್ನು ಕಂಡು ಎದ್ದು ನಿಂತು 'ಜೈಭೀಮ್ರಿ' ಎಂದಳು.

'ನಾ ಬೀದರದಿಂದ ಬಂದೇನ್ರಿ. ಲೈಬ್ರರಿಯೊಳಗ ಇರ್ತೇನಿ' ಎಂದರು ಕುಮುದಿನಿಬಾಯಿ.

'ಲೈಬ್ರರಿ ಮೇಡಂ ಏನ್ರಿ? ಅಯ್ಯ, ಬರ್ರಿ ಬಾಯಿ ಬರ್ರಿ' ಎಂದು ಪುತಳಾಬಾಯಿ ಒಳಗೆ ಓಡಿ ಚಾದರ ತಂದು ನೆಲದ ಮೇಲೆ ಹಾಸಿದಳು. 'ಖಾಲಿ ಕೂಡ್ರಿ, ಆರಾಮಸೀರ ಖಾಲಿ ಕೂಡ್ರಿ. ಕುರ್ಚಿ ಇಲ್ಲರಿ ನಮ್ಮನ್ಯಾಗ.'

ಕುಮುದಿನಿಬಾಯಿ ಚಾದರದ ಮೇಲೆ ಕೂತರು. ಹೋಳಿಗೆಯ ಡಬ್ಬಿಯನ್ನು ಮುಂದಿಟ್ಟು ಒಳಬಾಗಿಲ ಕಡೆ ನೋಡಿದರು. 'ಆಮ್ರಪಾಲಿ ಎಲ್ಲಿ ಅದಾಳ್ರಿ?'

'ಹೋದ್ಳಲ್ಲರಿ, ಗಂಡನ ಮನಿಗಿ' ಎಂದಳು ಪುತಳಾಬಾಯಿ. 'ಬುಧವಾರ ಲಗ್ನಾ ಆಯ್ತ್ರಿ, ಇಲ್ಲೇ ವಿಹಾರದಾಗ, ನಾಕ ಮಂದ್ಯಾಗ. ನಾಂದೇಡದ ಕಡಿಯವ್ರು. ಬೇಸ್ತವಾರ ಕಳಸಿ ಕೊಟ್ಟೆವ್ರಿ. ನಿಮಗ ಹೇಳಲಿಲ್ಲೇನ್ರಿ? ನಿಮ್ಮ ಎದರಿಗೇ ನಿಂತ ಹೇಳ್ತೇನಿ ಅಂದಿದ್ದಳಲ್ಲ.'

'ನನ್ನ ಎದರಿಗೆ ಯಾವಾಗ್ರಿ?' ಎಂದರು ಕುಮುದಿನಿಬಾಯಿ.

'ಬೇಸ್ತವಾರೇ ನಿಮ್ಮ ಲೈಬ್ರರಿಗಿ ಬಂದಿದ್ದಳಲ್ಲರಿ. ನಾಂದೇಡಕ್ಕ ಹೋಗೋ ಗಾಡಿ, ಉಲ್ಟಾ ಬೀದರಕ್ಕ ಯಾಕ ಹೊಡಿಬೇಕು ಅಂತ ಎಲ್ಲಾರೂ ಅಂದ್ರು. ಪುಸ್ತಕಾ ನಾನೇ ಕೊಡಬೇಕು, ಮೇಡಂಗ ನೋಡೇ ಹೋಗ್ತೇನಿ ಅಂತ ಹಟಾ ಹಿಡದ್ಳು. ಅಳ್ಯಾ ಒಳ್ಳ್ಯಾವ, ಆಯ್ತು ನಡಿ ಅಂದ. ನಮ್ಮ ಸಂಘಪಾಲನೂ ಹೋಗಿದ್ದ. ಇಕಿ ಕಾರ್ಡ್ ಮುಗದದ ಅಂತ ಬಾಗಲದಾಗಿನ ಸಿಪಾಯಿ ಮ್ಯಾಲ ಬಿಡಲಿಲ್ಲಂತ. ಮೆಸೇಜ್ ಹಾಕು, ಅವ್ರೇ ಇಳದ ಬರ್ತಾರ ಅಂದನಂತ. ಹಾಕಿದ್ಳು. ನೀವು ಬರ್ತೇನಿ ಅಂದ್ರಿ. ಬರ್ತೇನಿ ಅಂದವ್ರಿಗಿ ಮತ್ತ ಮತ್ತ ಹ್ಯಾಂಗ ಕರೀಲಿ ಅಂತ ಬಾಳ ಹೊತ್ತ ನಿಂತ್ಳಂತ. ಆಮ್ಯಾಗ ಗಾಡ್ಯಾನವ ಹೊತ್ತಾಯ್ತು ಅಂತ ಕರದ.' ಪುತಳಾಬಾಯಿ ಕುಮುದಿನಿಬಾಯಿಯ ಮುಖ ನೋಡಿ ದನಿ ತಗ್ಗಿಸಿದಳು. 'ಇರಲಿ ಬಿಡ್ರಿ. ನಿಮಗ ಕೆಲಸಾ ಇರ್ತಾವ.'

ಆ ಕೊನೆಯ ಮಾತು ಕುಮುದಿನಿಬಾಯಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. 'ಅಕಿ ಬಂದೇನಿ ಅಂತ ಬರದೇ ಇಲ್ಲರಿ' ಎನ್ನುತ್ತ ಮೊಬೈಲು ತೆಗೆದರು. 'ನೋಡ್ರಿ, ಖಾಲಿ ಇದ್ದೇನಿ ಅಂತ ಅಷ್ಟ ಬರದಾಳ.'

'ಹೌದಲ್ಲರಿ' ಎಂದಳು ಪುತಳಾಬಾಯಿ, ಇದರಲ್ಲಿ ತಿಳಿಯದ್ದೇನಿದೆ ಎನ್ನುವಂತೆ. 'ಖಾಲಿನೇ ನಿಂತಿದ್ದಳಲ್ಲ. ಮೆಟ್ಟಲದ ಬುಡಕ.'

ಬೀದರ ಜಿಲ್ಲೆಯಲ್ಲಿ ಖಾಲಿ ಎಂಬ ಮಾತು ಖಾಲಿ ಕೂತದ್ದೇ ಇಲ್ಲ. ಕನ್ನಡದವರಿಗೆ ಅದು ಬರಿದು. ದಖನಿಯವರಿಗೆ ಬಿಡುವು. ಹೋಟೆಲಿನಲ್ಲಿ ಖಾಲಿ ಚಹಾ ಎಂದರೆ ಬರೀ ಚಹಾ. ಮರಾಠಿ ಮನೆಗಳಲ್ಲಿ ಖಾಲಿ ಎಂದರೆ ಕೆಳಗೆ. ಖಾಲಿ ಕೂಡು ಎಂದರೆ ಕೆಳಗೆ ಕೂಡು, ಖಾಲಿ ಬಾ ಎಂದರೆ ಇಳಿದು ಬಾ. ಇದೆಲ್ಲ ಕುಮುದಿನಿಬಾಯಿಗೆ ಗೊತ್ತಿಲ್ಲದ್ದಲ್ಲ. ತಾಯಿ ದಿನಕ್ಕೆ ಹತ್ತು ಸಲ ಅವರನ್ನು ಮಾಳಿಗೆಯಿಂದ ಖಾಲಿ ಕರೆಯುತ್ತಿದ್ದಳು. ಈಗ ತಾನೇ ಪುತಳಾಬಾಯಿ ಖಾಲಿ ಕೂಡ್ರಿ ಎಂದಾಗ ಅವರು ಅರ್ಥ ಕೇಳದೆ ನೆಲದ ಮೇಲೆ ಕೂತಿದ್ದರು. ಆದರೆ ಎಂದೂ ಕನ್ನಡ ತಪ್ಪದ ಹುಡುಗಿಗೆ ಅವಸರದಲ್ಲಿ, ಅಳು ನುಂಗುತ್ತ ಬರೆಯುವಾಗ, ಮನೆಯ ಮಾತು ಬಂದುಬಿಟ್ಟಿತ್ತು. ಮನೆಯ ಮಾತು ಬಲ್ಲ ಹೆಂಗಸು ಅದನ್ನು ಕನ್ನಡವೆಂದು ಓದಿಕೊಂಡಿದ್ದರು. ಯಾಕೆಂದರೆ ಅವರೇ ಖಾಲಿಯಾಗಿದ್ದರು. ಯಾರಾದರೂ ಕರೆಯಲಿ ಎಂದು ಕಾದವರ ಕಣ್ಣಿಗೆ ಕರೆಯೇ ಕಂಡಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿತ್ತು. ಇವರು ಕಿಟಕಿಯಿಂದ ಅದರ ಗಾಡಿಯನ್ನು ನೋಡಿ ಸಂತೋಷಪಟ್ಟು ಬಂದಿದ್ದರು. ಕುಮುದಿನಿಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಪುತಳಾಬಾಯಿ ಗಾಬರಿಯಾಗಿ ನೀರು ತಂದಳು.

'ಫೋನ್ ಹಚ್ಚಿ ಕೊಡ್ತೇನಿ, ಮಾತಾಡ್ರಿ' ಎಂದಳು. ಆಮ್ರಪಾಲಿಯ ಹಳೆಯ ಸಿಮ್ಮು ಮನೆಯಲ್ಲೇ ಉಳಿದಿತ್ತು, ಗಂಡ ಹೊಸದು ಕೊಡಿಸಿದ್ದ. ಪುತಳಾಬಾಯಿಗೆ ಓದಲು ಬಾರದು. ಆದರೆ ಆಕೆ ಮಗಳಿಗೆ ಬಿಟ್ಟು ಬೇರೆ ಯಾರಿಗೂ ಫೋನು ಮಾಡುವುದಿಲ್ಲವಾದ್ದರಿಂದ ಎಲ್ಲಕ್ಕಿಂತ ಮೇಲಿನ ಹೆಸರನ್ನು ಒತ್ತಿದರೆ ಸಾಕಿತ್ತು. ಬೇಡವೆನ್ನುವಷ್ಟರಲ್ಲಿ ಗಂಟೆ ಬಾರಿಸತೊಡಗಿತ್ತು. ಕುಮುದಿನಿಬಾಯಿ ಕಿವಿಗೆ ಹಿಡಿದರು.

'ಆಯಿ?' ಎಂದಿತು ಅತ್ತಲಿಂದ ಒಂದು ಸಣ್ಣ ದನಿ. ಅವರು ಅಂದುಕೊಂಡದ್ದಕ್ಕಿಂತ ಎಳೆಯ ದನಿ.

'ನಾ ಆಯಿ ಅಲ್ಲವ್ವ' ಎಂದರು. ಮುಂದೆ ಹೆಸರು ಹೇಳಬೇಕಾಗಿತ್ತು, ಆದರೆ ಆ ಹೆಸರು ಅವಳಿಗೆ ಗೊತ್ತಿಲ್ಲ. 'ನಾ ಲೈಬ್ರರ್ಯಾಗಿನಕಿ. ನಿಮ್ಮ ಮನ್ಯಾಗ ಕುಂತೇನಿ.'

'ಮೇಡಂ, ನೀವು ಔರಾದಕ್ಕ ಬಂದೀರೇನ್ರಿ?' ಎಂದು ಆಮ್ರಪಾಲಿ ಬೆರಗಾಗಿ ಕೇಳಿದಳು.

'ಬರ್ತೇನಿ ಅಂದಿದ್ದೆ ಅಲ್ಲವ್ವ. ನೀ ಖಾಲಿ ಇದ್ದೇನಿ ಅಂತ ಬರದಿದ್ದಿ. ನಾ ಹುಚ್ಚಿ, ನಿನಗ ಮನಸ್ಸಿನಾಗ ಖಾಲಿ ಖಾಲಿ ಅನಸ್ಲಿಕತ್ತದ, ಮನಿಗಿ ಬರ್ರಿ ಅಂತ ಕರಿಲಿಕತ್ತಿ ಅಂತ ತಿಳಕೊಂಡೆ. ಮ್ಯಾಲೇ ಕುಂತೆ. ನೀ ಕೆಳಗ ನಿಂತದ್ದು ಈಗ ನಿಮ್ಮವ್ವನ ಬಾಯಿಲೆ ಗೊತ್ತಾತು. ತಪ್ಪ ತಿಳಕೋಬ್ಯಾಡ ನನ್ನ ಮಗಳ.'

ಆಮ್ರಪಾಲಿ ನಕ್ಕಳು. ಆ ನಗುವಿನಿಂದ ಕುಮುದಿನಿಬಾಯಿಗೂ ಅರ್ಧ ಭಾರ ಇಳಿದಂತಾಯಿತು. ಆದರೆ ಆ ನಗು ಬೇಗ ನಿಂತಿತು. ಹಿಂದೆ ಪಾತ್ರೆಗಳ ಸದ್ದು, ಪರಿಚಯವಿಲ್ಲದ ದನಿಗಳು ಕೇಳುತ್ತಿದ್ದವು. ಅವಳು ಬಾಯಿಯ ಹತ್ತಿರ ಕೈ ಅಡ್ಡ ಹಿಡಿದಂತೆ ತೀರ ಸಣ್ಣಗೆ ಹೇಳಿದಳು: 'ನೀವು ಓದಿದ್ದೂ ತಪ್ಪಲ್ಲರಿ ಮೇಡಂ.'

ಕುಮುದಿನಿಬಾಯಿ ಉತ್ತರಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಅತ್ತ ಯಾರೋ 'ಸೂನಬಾಯಿ' ಎಂದು ಸೊಸೆಯನ್ನು ಕರೆದರು. 'ಬರ್ತೇನ್ರಿ' ಎಂದು ಆಮ್ರಪಾಲಿ ಫೋನು ಇಟ್ಟಳು.

ಪುತಳಾಬಾಯಿ ಎದುರಿಗೆ ಕೂತು ಅವರ ಮುಖವನ್ನೇ ನೋಡುತ್ತಿದ್ದಳು. 'ಏನಂದ್ಳರಿ? ನನ್ನ ಮುಂದ ಬರೇ ಆರಾಮ ಅದೇನಿ, ಆರಾಮ ಅದೇನಿ ಅಂತಾಳ. ನೀವು ಓದಿದವ್ರು, ನಿಮ್ಮ ಮುಂದ ಖರೇ ಹೇಳಿರ್ತಾಳ.'

ಕುಮುದಿನಿಬಾಯಿ ಫೋನನ್ನು ಆಕೆಯ ಕೈಗೆ ಕೊಟ್ಟರು.

'ಆರಾಮ ಅದಾಳಂತ್ರಿ' ಎಂದರು.

ಪುತಳಾಬಾಯಿಯ ಮುಖ ಅರಳಿತು. ಚಹಾಕ್ಕೆ ಇಡುತ್ತೇನೆಂದು ಒಳಗೆ ಹೋದಳು. ಮಧ್ಯಾಹ್ನದ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಕುಮುದಿನಿಬಾಯಿ ಮೊರವನ್ನು ತಮ್ಮ ಮುಂದಕ್ಕೆ ಎಳೆದುಕೊಂಡು ಬೇಳೆಯಲ್ಲಿ ಕಲ್ಲು ಆರಿಸತೊಡಗಿದರು.